ಸೊಲ್ಲಾಪುರದ ದೊಡ್ಡ ವಿದ್ಯುತ್ ಉಪಕೇಂದ್ರ

ಅಕ್ಕಲಕೋಟೆಯ ಕಡೆಯಿಂದ ಸೊಲ್ಲಾಪುರಕ್ಕೆ ಬಸ್ಸಿನಲ್ಲಿ ಹೋಗಿಬರುವ ನಮ್ಮ ವಿದ್ಯಾರ್ಥಿಗಳು ಹೊಲಗಳ ನಡುವೆ ಸಾಲಾಗಿ ನಿಂತ ಉಕ್ಕಿನ ಗೋಪುರಗಳನ್ನೂ ಅವುಗಳ ತೋಳುಗಳಿಂದ ಇಳಿಬಿದ್ದ ದಪ್ಪ ತಂತಿಗಳನ್ನೂ ನೋಡಿಯೇ ಇರುತ್ತಾರೆ. ಈ ತಂತಿಗಳು ಎಲ್ಲಿಗೆ ಹೋಗುತ್ತವೆಂದು ತರಗತಿಯಲ್ಲಿ ಕೇಳಿದರೆ ಎರಡು ಬಗೆಯ ಉತ್ತರ ಬರುತ್ತದೆ. ‘ಕರೆಂಟ್ ತಯಾರ ಮಾಡೋ ಜಾಗಾಕ್ಕರೀ’ ಎನ್ನುವವರು ಕೆಲವರು. ‘ಅಲ್ಲಿ ದೊಡ್ಡ ಟಾಕಿಯೊಳಗ ಕರೆಂಟ್ ತುಂಬಿ ಇಡ್ತಾರ್ರೀ’ ಎನ್ನುವವರು ಕೆಲವರು. ಪಾಲಕರಲ್ಲಿಯೂ ಅನೇಕರ ತಿಳಿವಳಿಕೆ ಹೀಗೆಯೇ ಇದೆ. ಬೇಲಿಯ ಹೊರಗೆ ನಿಂತು ನೋಡಿದರೆ ಹಾಗೆ ಅನ್ನಿಸುವುದು ಸಹಜ. ಆದರೆ ಉಪಕೇಂದ್ರದಲ್ಲಿ ವಿದ್ಯುತ್ತು ಹುಟ್ಟುವುದೂ ಇಲ್ಲ, ಅದನ್ನು ಕೂಡಿಡುವುದೂ ಇಲ್ಲ. ಬಂದ ಕ್ಷಣವೇ ಅದು ಅಲ್ಲಿಂದ ಹೊರಟುಹೋಗುತ್ತದೆ. ಹಾಗಿದ್ದ ಮೇಲೆ ಇಷ್ಟು ಎಕರೆ ಭೂಮಿ, ಇಷ್ಟೊಂದು ಯಂತ್ರ, ಇಷ್ಟು ಕಾವಲು ಏತಕ್ಕೆ?

ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಸೊಲ್ಲಾಪುರದ ಬಳಿ ೭೬೫ ಕಿಲೋವೋಲ್ಟಿನ, ಎಂದರೆ ಏಳು ಲಕ್ಷದ ಅರವತ್ತೈದು ಸಾವಿರ ವೋಲ್ಟಿನ, ಒಂದು ದೊಡ್ಡ ಉಪಕೇಂದ್ರವಿದೆ. ೨೦೧೩ರ ಡಿಸೆಂಬರ್ ೩೧ರಂದು ರಾಯಚೂರಿನಿಂದ ಬಂದ ಒಂದು ತಂತಿಮಾರ್ಗ ಇಲ್ಲಿಗೆ ಕೂಡಿತು. ಅಂದಿನಿಂದ ಭಾರತದ ಐದು ವಿದ್ಯುತ್ ವಲಯಗಳೂ ಒಂದೇ ಜಾಲವಾದವು. ಇಂಥ ಘಟನೆ ನಮ್ಮ ಮಗ್ಗುಲಿನಲ್ಲಿಯೇ ನಡೆದದ್ದು ನಮ್ಮ ಮಕ್ಕಳಲ್ಲಿ ಎಷ್ಟು ಜನರಿಗೆ ಗೊತ್ತು? ಕನ್ನಡ ಕಲಿಸುವವರಿಗೆ ವಿದ್ಯುತ್ತಿನ ಗೊಡವೆ ಏಕೆಂದು ಯಾರಾದರೂ ಕೇಳಬಹುದು. ವಿಜ್ಞಾನದ ಪುಸ್ತಕದಲ್ಲಿ ಸೂತ್ರವಾಗಿರುವುದನ್ನು ಮನೆಯ ಮಾತಿನಲ್ಲಿ ಬಿಡಿಸಿ ಹೇಳುವುದು ಭಾಷೆಯ ಶಿಕ್ಷಕರ ಕೆಲಸವೂ ಹೌದೆಂದು ನಾವು ತಿಳಿದಿದ್ದೇವೆ.

ವಿದ್ಯುತ್ತನ್ನು ಕಾಲುವೆಯ ನೀರಿಗೆ ಹೋಲಿಸುವುದು ವಾಡಿಕೆ. ಉಜನಿ ಆಣೆಕಟ್ಟಿನ ದೊಡ್ಡ ಕಾಲುವೆಯಿಂದ ಉಪಕಾಲುವೆ, ಅದರಿಂದ ಹೊಲಗಾಲುವೆ, ಕೊನೆಗೆ ಬದುವಿನ ಪಕ್ಕದ ಮಡಿ. ವಿದ್ಯುತ್ತೂ ಹೀಗೆಯೇ ದೊಡ್ಡ ದಾರಿಯಿಂದ ಸಣ್ಣ ದಾರಿಗೆ ಇಳಿಯುತ್ತದೆ. ಇಲ್ಲಿಯವರೆಗೆ ಹೋಲಿಕೆ ಸರಿ. ಆದರೆ ಆಣೆಕಟ್ಟಿನಲ್ಲಿ ನೀರು ನಿಲ್ಲುತ್ತದೆ. ಮಳೆಗಾಲದ್ದು ಬೇಸಿಗೆಗೆ ಒದಗುತ್ತದೆ. ತಂತಿಯೊಳಗಿನ ವಿದ್ಯುತ್ತು ನಿಲ್ಲುವುದಿಲ್ಲ. ಬ್ಯಾಟರಿಗಳಲ್ಲಿಯೂ, ನೀರನ್ನು ಗುಡ್ಡದ ಮೇಲಕ್ಕೆ ಎತ್ತುವ ಕೆರೆಗಳಲ್ಲಿಯೂ ಅದರ ಶಕ್ತಿಯನ್ನು ಬೇರೆ ರೂಪದಲ್ಲಿ ಸ್ವಲ್ಪ ಕೂಡಿಡುತ್ತಾರೆ. ಆದರೆ ದೇಶದ ಬಳಕೆಯ ಮುಂದೆ ಅದು ಅತ್ಯಲ್ಪ. ಆದ್ದರಿಂದ ಈ ಕ್ಷಣ ನಮ್ಮ ಮನೆಯ ದೀಪ ಬೆಳಗುತ್ತಿದ್ದರೆ ಅದಕ್ಕೆ ಬೇಕಾದ ವಿದ್ಯುತ್ತು ಬಹುಮಟ್ಟಿಗೆ ಇದೇ ಕ್ಷಣದಲ್ಲಿ ಎಲ್ಲಿಯೋ ತಯಾರಾಗುತ್ತಿದೆ ಎಂದೇ ಅರ್ಥ. ಈ ಒಂದು ಮಾತು ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ಸುಲಭ.

ಇನ್ನು, ಅಷ್ಟು ಭಯಂಕರವಾದ ವೋಲ್ಟೇಜು ಏಕೆ? ಮನೆಗೆ ಬೇಕಾದದ್ದು ೨೩೦ ವೋಲ್ಟು. ವಿದ್ಯುತ್ ಕೇಂದ್ರದ ದೊಡ್ಡ ಯಂತ್ರ ಹುಟ್ಟಿಸುವುದು ಸಾಮಾನ್ಯವಾಗಿ ಹನ್ನೊಂದರಿಂದ ಇಪ್ಪತ್ತೈದು ಸಾವಿರ ವೋಲ್ಟಿನ ಆಸುಪಾಸು. ನಡುವೆ ಅದನ್ನು ಲಕ್ಷಗಟ್ಟಲೆ ಏರಿಸಿ ಮತ್ತೆ ಇಳಿಸುವ ಉಸಾಬರಿ ಏಕೆಂದರೆ, ತಂತಿ ಬಿಸಿಯಾಗಿ ಆಗುವ ನಷ್ಟವನ್ನು ತಪ್ಪಿಸಲು. ಸಾಗಿಸುವ ಶಕ್ತಿ ವೋಲ್ಟು ಮತ್ತು ಆಂಪಿಯರುಗಳ ಗುಣಲಬ್ಧ. ವೋಲ್ಟು ಹೆಚ್ಚಿಸಿದರೆ ಅಷ್ಟೇ ಶಕ್ತಿಗೆ ಆಂಪಿಯರು ಕಡಿಮೆ ಸಾಕು. ಶಾಖವಾಗಿ ಹೋಗುವ ನಷ್ಟವಾದರೋ ಆಂಪಿಯರಿನ ವರ್ಗಕ್ಕೆ ತಕ್ಕಂತೆ ಇರುತ್ತದೆ. ವೋಲ್ಟು ಎರಡರಷ್ಟಾದರೆ ನಷ್ಟ ನಾಲ್ಕನೆಯ ಒಂದು ಪಾಲು. ೧೧ ಕಿಲೋವೋಲ್ಟಿನ ಬದಲು ೭೬೫ ಕಿಲೋವೋಲ್ಟು ಬಳಸಿದರೆ ಅದು ಸುಮಾರು ಎಪ್ಪತ್ತರಷ್ಟು. ಅದೇ ತಂತಿಯಲ್ಲಿ ಅಷ್ಟೇ ಶಕ್ತಿಗೆ ನಷ್ಟ ಸುಮಾರು ೪,೮೦೦ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಒಂಬತ್ತನೆಯ ಇಯತ್ತೆಯ ಹುಡುಗರು ಈ ಲೆಕ್ಕವನ್ನು ತಾವೇ ಮಾಡಿ ನೋಡಲಿ.

ಉಪಾಯ ಹೊಸದಲ್ಲ. ೧೯೦೨ರಲ್ಲಿಯೇ ಮೈಸೂರು ಸಂಸ್ಥಾನವು ಕಾವೇರಿಯ ಶಿವನಸಮುದ್ರದಲ್ಲಿ ವಿದ್ಯುತ್ತು ತಯಾರಿಸಿ, ವೋಲ್ಟೇಜನ್ನು ಏರಿಸಿ, ಸುಮಾರು ೧೪೭ ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಕಳಿಸಿತ್ತು. ಆಗಿನ ಕಾಲಕ್ಕೆ ಜಗತ್ತೇ ನೋಡುವಂಥ ಕೆಲಸ ಅದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಮೂರು ವರ್ಷ ತಡವಾಗಿ, ೧೯೦೫ರಲ್ಲಿ. ಊರಿನ ದೀಪಕ್ಕಿಂತ ಮೊದಲು ಗಣಿಯ ಯಂತ್ರಕ್ಕೆ ವಿದ್ಯುತ್ತು ಹೋದದ್ದು ಯೋಚಿಸಬೇಕಾದ ಸಂಗತಿ. ಅದು ಇತಿಹಾಸದ ಶಿಕ್ಷಕರ ಪಾಲಿಗಿರಲಿ.

ಈಗ ಉಪಕೇಂದ್ರದ ಒಳಗೆ ಹೋಗೋಣ. ಪರವಾನಗಿ ಇಲ್ಲದೆ ಯಾರೂ ಕಾಲಿಡಬಾರದ ಜಾಗವಾದ್ದರಿಂದ ಈ ಹೋಗುವುದೆಲ್ಲ ಕಾಗದದ ಮೇಲೆಯೇ. ಮೊದಲು ಕಣ್ಣಿಗೆ ಬೀಳುವುದು ನೆಲದ ಮೇಲೆ ಹರಡಿದ ಖಡಿ. ‘ಇಷ್ಟು ಒಳ್ಳೆ ನೆಲಕ್ಕ ಖಡಿ ಯಾಕ ಹಾಕ್ಯಾರ?’ ಎಂದು ರೈತರು ಕೇಳುವುದುಂಟು. ಹುಲ್ಲು ಬೆಳೆಯಬಾರದು, ಟ್ರಾನ್ಸ್‌ಫಾರ್ಮರಿನ ಎಣ್ಣೆ ಸೋರಿದರೆ ಹರಡಿ ನಿಲ್ಲಬಾರದು ಎಂಬುದು ಒಂದು ಕಾರಣ. ಮುಖ್ಯವಾದದ್ದು ಬೇರೆಯೇ. ದೋಷ ಉಂಟಾಗಿ ವಿದ್ಯುತ್ತು ನೆಲಕ್ಕೆ ನುಗ್ಗಿದಾಗ, ಒಂದೇ ಹೆಜ್ಜೆಯ ಅಂತರದಲ್ಲಿರುವ ನಮ್ಮ ಎರಡು ಪಾದಗಳ ನಡುವೆಯೇ ಅಪಾಯಕರ ವೋಲ್ಟೇಜು ಹುಟ್ಟಬಹುದು. ಒಣ ಖಡಿಯ ಪದರ ಕಾಲಿಗೂ ಮಣ್ಣಿಗೂ ನಡುವೆ ತಡೆಯಾಗಿ ನಿಲ್ಲುತ್ತದೆ. ಖಡಿಯ ಕೆಳಗೆ ಮಣ್ಣಿನಲ್ಲಿ ಲೋಹದ ಸರಳುಗಳನ್ನು ಚಾಪೆಯಂತೆ ಹೆಣೆದು ಹುಗಿದಿರುತ್ತಾರೆ. ತಂತಿ ಹರಿದುಬಿದ್ದ ಹೊಲದಲ್ಲಿ ಎತ್ತುಗಳು ಮನುಷ್ಯರಿಗಿಂತ ಬೇಗ ಸಾಯುವುದೂ ಇದೇ ಕಾರಣಕ್ಕೆ: ಅವುಗಳ ಮುಂಗಾಲು ಹಿಂಗಾಲುಗಳ ಅಂತರ ಹೆಚ್ಚು.

ಮೇಲೆ ನೋಡಿದರೆ, ಮಾರ್ಗದ ಪ್ರತಿಯೊಂದು ಫೇಜಿಗೂ ಒಂದು ತಂತಿಯಲ್ಲ, ನಾಲ್ಕೋ ಆರೋ ತಂತಿಗಳ ಗುಂಪು. ಅವುಗಳನ್ನು ಹೊತ್ತಿರುವುದು ಬಟ್ಟಲು ಪೋಣಿಸಿದಂತೆ ಕಾಣುವ ಇನ್ಸುಲೇಟರುಗಳ ಉದ್ದನೆಯ ಸರ. ಮಾರ್ಗ ಒಳಗೆ ಬರುವಲ್ಲಿಯೇ ಸಿಡಿಲಿನ ಹೊಡೆತವನ್ನು ನೆಲಕ್ಕೆ ಇಳಿಸುವ ಕಂಬಗಳಿವೆ. ಆಮೇಲೆ ವೋಲ್ಟು, ಆಂಪಿಯರುಗಳನ್ನು ಅಳೆಯುವ ಸಾಧನಗಳು. ಇವು ಉಪಕೇಂದ್ರದ ಕಣ್ಣುಗಳು. ಮುಂದೆ ದಪ್ಪ ಕೊಳವೆಯಂತೆ ಅಡ್ಡಲಾಗಿ ಹಾಯ್ದಿರುವುದಕ್ಕೆ ‘ಬಸ್ ಬಾರ್’ ಎಂದು ಹೆಸರು. ಬಂದ ಮಾರ್ಗಗಳೆಲ್ಲ ಇದಕ್ಕೆ ಕೂಡುತ್ತವೆ, ಹೋಗುವ ಮಾರ್ಗಗಳೆಲ್ಲ ಇದರಿಂದ ಹೊರಡುತ್ತವೆ. ಮಕ್ಕಳು ಹೆಸರು ಕೇಳಿ ನಗುತ್ತಾರೆ; ಆದರೆ ನಮ್ಮ ಅಕ್ಕಲಕೋಟೆಯ ಬಸ್ಸಿಗೂ ಇದಕ್ಕೂ ಹೆಸರು ಒಂದೇ ಮೂಲದಿಂದ ಬಂದದ್ದು. ಲ್ಯಾಟಿನ್ ಭಾಷೆಯ ‘ಒಮ್ನಿಬಸ್’ ಎಂಬ ಶಬ್ದಕ್ಕೆ ‘ಎಲ್ಲರಿಗಾಗಿ’ ಎಂದು ಅರ್ಥ. ಎಲ್ಲರೂ ಹತ್ತುವ ಗಾಡಿ ಬಸ್ಸು. ಎಲ್ಲ ತಂತಿಗಳೂ ಕೂಡುವ ಕಂಬಿ ಬಸ್ ಬಾರ್.

ಗುಂಯ್ ಎನ್ನುವ ಸದ್ದು ಬರುತ್ತಿರುವುದು ಟ್ರಾನ್ಸ್‌ಫಾರ್ಮರಿನಿಂದ. ಪಠ್ಯಪುಸ್ತಕದಲ್ಲಿ ಇದನ್ನು ಪರಿವರ್ತಕ ಎಂದಿದೆ. ಕಬ್ಬಿಣದ ತಗಡುಗಳ ಒಂದು ಚೌಕಟ್ಟು, ಅದರ ಮೇಲೆ ತಾಮ್ರದ ಸುರುಳಿಗಳು, ಸುತ್ತಲೂ ಎಣ್ಣೆ. ಸುರುಳಿಯ ಸುತ್ತುಗಳ ಪ್ರಮಾಣ ೭೬೫ಕ್ಕೆ ೪೦೦ ಇದ್ದರೆ ವೋಲ್ಟೇಜೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ೧೮೩೧ರಲ್ಲಿ ಮೈಕೆಲ್ ಫ್ಯಾರಡೆ ಒಂದು ಕಬ್ಬಿಣದ ಬಳೆಗೆ ಎರಡು ಸುರುಳಿ ಸುತ್ತಿ ಕಂಡುಕೊಂಡ ತತ್ತ್ವವೇ ಇದು. ಫ್ಯಾರಡೆಯ ಬಳೆ ಅಂಗೈಯಲ್ಲಿ ಹಿಡಿಯುವಂಥದು. ಇಲ್ಲಿಯದು ನೂರು ಟನ್ನಿಗೂ ಹೆಚ್ಚು ಭಾರ. ಇಂಥದನ್ನು ಹತ್ತಾರು ಗಾಲಿಗಳ ಗಾಡಿಯ ಮೇಲೆ ಹೊತ್ತು ತರುವಾಗ ಸೇತುವೆಗಳು ತಾಳುತ್ತವೆಯೇ ಎಂದು ಮೊದಲೇ ಲೆಕ್ಕ ಹಾಕಬೇಕು. ಕಬ್ಬಿಣದ ತಗಡುಗಳು ಕಾಂತಶಕ್ತಿಯ ಏರಿಳಿತಕ್ಕೆ ಕೂದಲೆಳೆಗಿಂತ ಕಡಿಮೆ ಹಿಗ್ಗಿ ಕುಗ್ಗುತ್ತವೆ, ಸೆಕೆಂಡಿಗೆ ನೂರು ಸಲ. ನಾವು ಕೇಳುವ ಗುಂಯ್‌ಕಾರ ಅದೇ.

ಟ್ರಾನ್ಸ್‌ಫಾರ್ಮರು ಉಪಕೇಂದ್ರದ ಹೊಟ್ಟೆಯಾದರೆ ಸರ್ಕಿಟ್ ಬ್ರೇಕರು ಅದರ ಕೈ. ಮನೆಯ ಸ್ವಿಚ್ಚನ್ನು ಆರಿಸುವಾಗ ಒಮ್ಮೊಮ್ಮೆ ಒಳಗೆ ಸಣ್ಣ ಕಿಡಿ ಹಾರುವುದನ್ನು ನೀವು ಕಂಡಿದ್ದೀರಿ. ಲಕ್ಷಗಟ್ಟಲೆ ವೋಲ್ಟಿನಲ್ಲಿ ಆ ಕಿಡಿ ಮಿಂಚಿನ ಕಂಬವಾಗಿ ಗಾಳಿಯಲ್ಲಿಯೇ ಉರಿಯುತ್ತ ನಿಲ್ಲುತ್ತದೆ. ಸಂಪರ್ಕ ಬಿಡಿಸಿದರೂ ವಿದ್ಯುತ್ತು ಹರಿಯುತ್ತಲೇ ಇರುತ್ತದೆ. ಆದಕಾರಣ ಬ್ರೇಕರಿನೊಳಗೆ ಸಲ್ಫರ್ ಹೆಕ್ಸಾಫ್ಲೋರೈಡ್ ಎಂಬ ಅನಿಲವನ್ನು ಒತ್ತಿ ತುಂಬಿರುತ್ತಾರೆ. ಸಂಪರ್ಕ ಬಿಡಿಸುವಾಗ ಈ ಅನಿಲ ರಭಸದಿಂದ ಊದಿ ಕಿಡಿಯನ್ನು ಆರಿಸುತ್ತದೆ. ಮಾರ್ಗದಲ್ಲಿ ದೋಷವಾಯಿತೆಂದು ಅಳತೆಯ ಸಾಧನ ಸುದ್ದಿ ಕೊಡುತ್ತದೆ, ರಿಲೆ ಎಂಬ ಉಪಕರಣ ತೀರ್ಮಾನಿಸಿ ಆಜ್ಞೆ ಕೊಡುತ್ತದೆ, ಬ್ರೇಕರು ತೆರೆದುಕೊಳ್ಳುತ್ತದೆ. ಇದೆಲ್ಲ ಸೆಕೆಂಡಿನ ಹತ್ತನೆಯ ಒಂದು ಭಾಗದೊಳಗೆ, ನಾವು ಒಮ್ಮೆ ರೆಪ್ಪೆ ಬಡಿಯುವಷ್ಟರಲ್ಲಿ, ಮುಗಿಯಬೇಕು. ಮನುಷ್ಯ ನೋಡಿ, ವಿಚಾರಿಸಿ, ಗುಂಡಿ ಒತ್ತುವುದಕ್ಕೆ ಇಲ್ಲಿ ವೇಳೆಯಿಲ್ಲ. ಹೊರಗೆ ಎಲ್ಲೆಡೆ ಕತ್ತಲಾದಾಗಲೂ ರಿಲೆಗಳು ಎಚ್ಚರವಾಗಿರಬೇಕೆಂದು ಒಂದು ಕೋಣೆಯ ತುಂಬ ಬ್ಯಾಟರಿಗಳನ್ನು ಸಾಲಾಗಿ ಇಟ್ಟಿರುತ್ತಾರೆ.

ವಿದ್ಯುತ್ತನ್ನು ಏರಿಸುವುದು, ಇಳಿಸುವುದು, ಕೂಡಿಸುವುದು, ಕಡಿಯುವುದು ಎಂದು ಉಪಕೇಂದ್ರದ ಕೆಲಸವನ್ನು ಇಷ್ಟರಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ಸೊಲ್ಲಾಪುರದ ಹೆಚ್ಚುಗಾರಿಕೆ ತಿಳಿಯಬೇಕಾದರೆ ಇನ್ನೊಂದು ಸಂಗತಿ ತಿಳಿಯಬೇಕು. ಅದು ಆವರ್ತನ.

ನಮ್ಮ ವಿದ್ಯುತ್ತು ಒಂದೇ ದಿಕ್ಕಿಗೆ ಹರಿಯುವುದಿಲ್ಲ. ಸೆಕೆಂಡಿಗೆ ೫೦ ಸಲ ಹಿಂದೆ ಮುಂದೆ ತೂಗುತ್ತದೆ. ಒಂದು ಜಾಲದಲ್ಲಿರುವ ಯಂತ್ರಗಳೆಲ್ಲವೂ ಈ ತೂಗಾಟದಲ್ಲಿ ಒಂದೇ ತಾಳಕ್ಕೆ ಇರಬೇಕು. ಜಾತ್ರೆಯ ತೇರನ್ನು ನೆನೆಯಿರಿ. ನೂರಾರು ಜನ ಹಗ್ಗ ಹಿಡಿದು ಎಳೆಯುತ್ತಿದ್ದಾರೆ. ಎಲ್ಲರ ಹೆಜ್ಜೆಯೂ ತೇರಿನ ವೇಗಕ್ಕೆ ಬದ್ಧ. ದಾರಿ ಏರಾದರೆ, ಎಂದರೆ ವಿದ್ಯುತ್ತಿನ ಬೇಡಿಕೆ ಹೆಚ್ಚಿದರೆ, ತೇರು ನಿಧಾನವಾಗುತ್ತದೆ: ಆವರ್ತನ ೫೦ರಿಂದ ಕೆಳಗೆ ಇಳಿಯುತ್ತದೆ. ಇಳಿಜಾರಾದರೆ ಮೇಲೇರುತ್ತದೆ. ಎಳೆಯುವವರಲ್ಲಿ ಇಪ್ಪತ್ತು ಜನ ಒಮ್ಮೆಲೆ ಕೈಬಿಟ್ಟರೆ ಉಳಿದವರ ತೋಳಿಗೆ ಜಗ್ಗು ಬೀಳುತ್ತದೆ. ಆ ಭಾರ ತಾಳದೆ ಇನ್ನಷ್ಟು ಜನ ಕೈಬಿಟ್ಟರೆ ತೇರು ನಿಂತೇ ಹೋಗುತ್ತದೆ. ಜಾಲ ನಡೆಸುವವರು ಆವರ್ತನವನ್ನು ೪೯.೯೦ ಮತ್ತು ೫೦.೦೫ರ ನಡುವೆ ಇಡಬೇಕೆಂದು ನಿಯಮವಿದೆ. ಕೂಡಿಡಲಾಗದ ವಸ್ತುವಿನ ಹುಟ್ಟುವಳಿಯನ್ನೂ ಬಳಕೆಯನ್ನೂ ಹೊತ್ತು ಹೊತ್ತಿಗೆ ಸರಿದೂಗಿಸಿದರೆ ಮಾತ್ರ ಇದು ಸಾಧ್ಯ.

ಮೊದಲು ನಮ್ಮ ದೇಶದಲ್ಲಿ ಐದು ತೇರುಗಳಿದ್ದವು. ಉತ್ತರ, ಪಶ್ಚಿಮ, ದಕ್ಷಿಣ, ಪೂರ್ವ, ಈಶಾನ್ಯ ಎಂಬ ಐದು ವಲಯಗಳು ತಮ್ಮ ತಮ್ಮ ತಾಳಕ್ಕೆ ನಡೆಯುತ್ತಿದ್ದವು. ೧೯೯೧ರಲ್ಲಿ ಪೂರ್ವಕ್ಕೆ ಈಶಾನ್ಯ ಕೂಡಿತು. ೨೦೦೩ರಲ್ಲಿ ಪಶ್ಚಿಮ ಸೇರಿತು. ೨೦೦೬ರಲ್ಲಿ ಉತ್ತರವೂ ಸೇರಿದ ಮೇಲೆ ನಾಲ್ಕು ಒಂದಾದವು. ಮಹಾರಾಷ್ಟ್ರ ಪಶ್ಚಿಮ ವಲಯದಲ್ಲಿದೆ, ಕರ್ನಾಟಕ ದಕ್ಷಿಣ ವಲಯದಲ್ಲಿ. ಎಂದರೆ ವಿದ್ಯುತ್ತಿನ ಲೆಕ್ಕದಲ್ಲಿ ನಮ್ಮ ಮನೆಯ ಗಡಿಯಾರ ಒಂದು ತಾಳಕ್ಕೆ, ಗಡಿಯಾಚೆ ಆಳಂದದಲ್ಲಿರುವ ಸೋದರಮಾವನ ಮನೆಯದು ಇನ್ನೊಂದು ತಾಳಕ್ಕೆ ಇತ್ತು!

ಹಾಗೆಂದು ದಕ್ಷಿಣಕ್ಕೂ ಉಳಿದ ಭಾಗಕ್ಕೂ ಕೊಡುಕೊಳೆಯೇ ಇರಲಿಲ್ಲವೆಂದಲ್ಲ. ಒರಿಸ್ಸಾದ ತಾಲ್ಚೇರಿನಿಂದ ಕೋಲಾರಕ್ಕೆ ೨೦೦೩ರಿಂದ ಒಂದು ಉದ್ದನೆಯ ಏಕಮುಖ ವಿದ್ಯುತ್ತಿನ ಮಾರ್ಗವಿದೆ. ಹಳೆಯ ಚಿನ್ನದ ಗಣಿಯ ಸೀಮೆಗೆ ನೂರು ವರ್ಷಗಳ ನಂತರ ಮತ್ತೊಮ್ಮೆ ದೂರದ ವಿದ್ಯುತ್ತು ಬಂದಿತೆನ್ನಬಹುದು. ಚಂದ್ರಪುರ ಜಿಲ್ಲೆಯ ಭದ್ರಾವತಿಯಲ್ಲಿ, ವಿಶಾಖಪಟ್ಟಣದ ಗಾಜುವಾಕದಲ್ಲಿ ಇಂಥವೇ ಕೇಂದ್ರಗಳಿವೆ. ಅಲ್ಲಿ ಒಂದು ಕಡೆಯ ತೂಗುವ ವಿದ್ಯುತ್ತನ್ನು ಒಂದೇ ದಿಕ್ಕಿನದಾಗಿ ಮಾಡಿ, ಮತ್ತೆ ಇನ್ನೊಂದು ಕಡೆಯ ತಾಳಕ್ಕೆ ತೂಗುವಂತೆ ಮಾಡುತ್ತಾರೆ. ಗಡಿಯಲ್ಲಿರುವ ನಮಗೆ ಇದು ಬೇಗ ಅರ್ಥವಾದೀತು. ಕನ್ನಡ ಮಾತ್ರ ಬಲ್ಲ ಅಜ್ಜಿಯೂ ಮರಾಠಿ ಮಾತ್ರ ಬಲ್ಲ ಅಂಗಡಿಕಾರರೂ ವ್ಯವಹರಿಸುವಾಗ ನಮ್ಮ ಹುಡುಗರು ನಡುವೆ ನಿಂತು ದುಭಾಷಿಗಳಾಗುತ್ತಾರೆ. ಸಾಮಾನು ಕೈಬದಲಾಗುತ್ತದೆ, ಹಣ ಸಂದಾಯವಾಗುತ್ತದೆ. ಆದರೆ ಇಬ್ಬರೂ ಕೂಡಿ ಭಜನೆಗೆ ಕೂರಲಾರರು. ದುಭಾಷಿ ಎಷ್ಟು ಮಾತು ದಾಟಿಸಬಲ್ಲರೋ ಅಷ್ಟೇ ವ್ಯವಹಾರ. ಇದರಲ್ಲಿ ಒಂದು ಅನುಕೂಲವೂ ಇದೆ. ಒಬ್ಬರ ತಾಳ ತಪ್ಪಿದರೆ ಇನ್ನೊಬ್ಬರಿಗೆ ತಟ್ಟುವುದಿಲ್ಲ.

ಆ ಅನುಕೂಲ ಎಷ್ಟು ದೊಡ್ಡದೆಂಬುದು ೨೦೧೨ರಲ್ಲಿ ಗೊತ್ತಾಯಿತು. ಆ ವರ್ಷ ಉತ್ತರದಲ್ಲಿ ಮಳೆ ತಡವಾಗಿ, ಬೆಳೆ ಉಳಿಸಲು ರೈತರು ಪಂಪುಗಳನ್ನು ಓಡಿಸುತ್ತಿದ್ದರು. ಪಶ್ಚಿಮದಲ್ಲಿ ವಿದ್ಯುತ್ತು ಮಿಗತೆಯಿತ್ತು. ಅದು ಉತ್ತರಕ್ಕೆ ನುಗ್ಗಿದಾಗ ದಾರಿಗಳ ಮೇಲೆ ಅತಿಯಾದ ಭಾರ ಬಿತ್ತು. ಜುಲೈ ೩೦ರ ನಸುಕಿನ ಎರಡೂವರೆ ಗಂಟೆಗೆ ಮಧ್ಯಪ್ರದೇಶದ ಬೀನಾದಿಂದ ಗ್ವಾಲಿಯರಿಗೆ ಹೋಗುವ ೪೦೦ ಕಿಲೋವೋಲ್ಟಿನ ಮಾರ್ಗ ಕಡಿದುಕೊಂಡಿತು. ತಂತಿಯೇನೂ ಹರಿದಿರಲಿಲ್ಲ, ಅತಿಭಾರವನ್ನು ದೋಷವೆಂದು ತಿಳಿದು ರಿಲೆ ಅದನ್ನು ಬಿಡಿಸಿತು. ಅದರ ಭಾರ ಪಕ್ಕದ ದಾರಿಗಳಿಗೆ ಬಿದ್ದು ಅವೂ ಒಂದರ ಹಿಂದೊಂದು ಬಿಟ್ಟುಕೊಂಡವು. ಇಡೀ ಉತ್ತರ ವಲಯ ಕತ್ತಲಾಯಿತು. ಹೇಗೋ ಸರಿಪಡಿಸಿದರು. ಮರುದಿನ ಮಧ್ಯಾಹ್ನ ಒಂದು ಗಂಟೆಗೆ ಅದೇ ಮಾರ್ಗ, ಅದೇ ಕಥೆ; ಈ ಸಲ ಉತ್ತರ, ಪೂರ್ವ, ಈಶಾನ್ಯ ಮೂರೂ ವಲಯಗಳು ಬಿದ್ದವು. ಅರವತ್ತು ಕೋಟಿಗೂ ಹೆಚ್ಚು ಜನ ವಾಸಿಸುವ ಪ್ರದೇಶ ಅದು. ರೈಲುಗಳು ನಡುದಾರಿಯಲ್ಲಿ ನಿಂತವು. ಪಶ್ಚಿಮ ಬಂಗಾಳದ ಕಲ್ಲಿದ್ದಲ ಗಣಿಗಳಲ್ಲಿ ಲಿಫ್ಟು ನಿಂತು ಕಾರ್ಮಿಕರು ನೆಲದೊಳಗೇ ಸಿಕ್ಕಿಕೊಂಡು, ತಾಸುಗಟ್ಟಲೆ ಕಾದು ಮೇಲೆ ಬಂದರು. ನಮ್ಮ ಪಶ್ಚಿಮ ವಲಯ ಬೇರ್ಪಟ್ಟು ಉಳಿದುಕೊಂಡಿತು. ಬೇರೆಯೇ ತಾಳದಲ್ಲಿದ್ದ ದಕ್ಷಿಣವೂ ಬೀಳದೆ ಉಳಿಯಿತು.

ಇದಾದ ಹದಿನೇಳು ತಿಂಗಳಿಗೆ ಆ ದಕ್ಷಿಣವನ್ನೂ ತಂದು ಕೂಡಿಸಿದರು. ಇದು ಜಾಣತನವೋ ದುಡುಕೋ ಎಂದು ಯಾರಿಗಾದರೂ ಅನ್ನಿಸದೆ ಇರದು.

ರಾಯಚೂರಿನಿಂದ ಸೊಲ್ಲಾಪುರಕ್ಕೆ ಈ ಮಾರ್ಗದ ಉದ್ದ ಸುಮಾರು ೨೦೮ ಕಿಲೋಮೀಟರು. ಕೇಂದ್ರ ಸರಕಾರದ ಪವರ್‌ಗ್ರಿಡ್ ಸಂಸ್ಥೆ ಅದನ್ನು ಎಳೆಯಿತು. ತಂತಿ ಎಳೆದ ಮಾತ್ರಕ್ಕೆ ಎರಡು ಜಾಲ ಕೂಡಿಸಲು ಬಾರದು. ಹುಡುಗಿಯರ ಹಗ್ಗದಾಟವನ್ನು ನೋಡಿರಿ. ಇಬ್ಬರು ಹಗ್ಗ ತಿರುವುತ್ತಿರುವಾಗ ಮೂರನೆಯವಳು ಒಮ್ಮೆಲೆ ನುಗ್ಗುವುದಿಲ್ಲ. ಪಕ್ಕದಲ್ಲಿ ನಿಂತು, ತಲೆ ಆಡಿಸುತ್ತ, ಹಗ್ಗದ ಗತಿ ಮೈಗೆ ಬಂದ ಮೇಲೆ ಸರಿಯಾದ ಕ್ಷಣ ನೋಡಿ ಒಳಹೊಗುತ್ತಾಳೆ. ಹಾಗೆಯೇ ಎರಡೂ ಕಡೆಯ ವೋಲ್ಟೇಜು, ಆವರ್ತನ, ತೂಗಾಟದ ಹಂತ ಮೂರೂ ಹೊಂದಿದ ಕ್ಷಣದಲ್ಲಿಯೇ ಬ್ರೇಕರು ಮುಚ್ಚಬೇಕು. ತಪ್ಪಿ ಮುಚ್ಚಿದರೆ ಎರಡು ದೈತ್ಯ ಯಂತ್ರಸಮೂಹಗಳು ಒಂದನ್ನೊಂದು ಜಗ್ಗಿ ಮುರಿಯುತ್ತವೆ. ೨೦೧೩ರ ಕೊನೆಯ ದಿನ ಅದು ಸರಿಯಾಗಿ ಮುಚ್ಚಿತು. ೨೦೧೪ರಲ್ಲಿ ಅದೇ ಎರಡು ಊರುಗಳ ನಡುವೆ ಎರಡನೆಯ ಮಾರ್ಗವೂ ಬಂದಿತು. ಜೋಡಿಸಿದ ಮರುದಿನವೇ ತಂತಿಯ ತುಂಬ ವಿದ್ಯುತ್ತು ಹರಿಸಲಿಲ್ಲ. ಹೊಸದಾಗಿ ನೊಗ ಕಟ್ಟಿದ ಎತ್ತುಗಳಿಗೆ ಮೊದಲ ದಿನವೇ ತುಂಬಿದ ಬಂಡಿ ಹೂಡುವುದಿಲ್ಲವಷ್ಟೇ. ಬೇರೆ ಮಾರ್ಗಗಳು ಕೂಡಿದಂತೆಲ್ಲ ಹರಿವನ್ನು ಮೆಲ್ಲಮೆಲ್ಲನೆ ಏರಿಸಿದರು.

ದುಡುಕಲ್ಲ, ಜಾಣತನವೇ ಎಂಬುದು ನಮ್ಮ ಅಭಿಪ್ರಾಯ. ಮೊದಲು ದಕ್ಷಿಣದಲ್ಲಿ ಕೊರತೆಯಿದ್ದಾಗ ಬೇರೆಡೆ ಮಿಕ್ಕ ವಿದ್ಯುತ್ತನ್ನು ತರಲು ಸಾಕಷ್ಟು ದಾರಿಯಿರಲಿಲ್ಲ. ಛತ್ತೀಸಗಡದ ಕಲ್ಲಿದ್ದಲು ಬೆಂಗಳೂರಿನ ದೀಪಕ್ಕೆ ಒದಗುವುದು ಕಷ್ಟವಿತ್ತು. ಈಗ ಪರಿಸ್ಥಿತಿ ಬದಲಾಗಿದೆ; ಹರಿವು ಎರಡೂ ಕಡೆಗೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ೨,೦೫೦ ಮೆಗಾವಾಟಿನ ಸೌರ ಉದ್ಯಾನವಿದೆ. ಅಲ್ಲಿ ಬಿಸಿಲು ಕಾಯುವಾಗ ಹುಟ್ಟುವ ವಿದ್ಯುತ್ತು ಜಾಲಕ್ಕೆ ಸೇರುತ್ತದೆ. ಸಂಜೆ ಬಿಸಿಲು ಹೋದಾಗ ಕೊಯ್ನೆಯ ನೀರೋ, ದಕ್ಷಿಣ ಸೊಲ್ಲಾಪುರ ತಾಲೂಕಿನ ಫತಾಟೇವಾಡಿಯ ಕಲ್ಲಿದ್ದಲೋ ಅದರ ಜಾಗ ತುಂಬುತ್ತದೆ. ಮೋಡವಾದರೆ ಬಿಸಿಲಿನ ವಿದ್ಯುತ್ತು ಕುಗ್ಗುತ್ತದೆ. ಆದರೆ ಇಡೀ ದೇಶಕ್ಕೆ ಒಮ್ಮೆಲೆ ಮೋಡ ಕವಿಯುವುದಿಲ್ಲ. ತೇರು ದೊಡ್ಡದಾದಷ್ಟೂ ನಾಲ್ಕು ಜನ ಕೈಬಿಟ್ಟದ್ದು ಅದಕ್ಕೆ ಗೊತ್ತಾಗುವುದೇ ಇಲ್ಲ. ಆದರೆ ನಲವತ್ತು ಸಾವಿರ ಜನ ಒಮ್ಮೆಲೆ ಬಿಟ್ಟರೆ ಬೀಳುವುದೂ ದೊಡ್ಡದಾಗಿಯೇ. ಈ ಎರಡನೆಯ ಮಾತನ್ನು ಮರೆಯದಿರಲೆಂದೇ ೨೦೧೨ರ ನಂತರ ರಿಲೆಗಳ ಪರೀಕ್ಷೆ, ಭಾರದ ಮಿತಿ, ಆವರ್ತನ ಕುಸಿದಾಗ ತಾನಾಗಿಯೇ ಕೆಲವು ಊರುಗಳನ್ನು ಬಿಡಿಸಿ ಉಳಿದದ್ದನ್ನು ಕಾಯುವ ಏರ್ಪಾಡು ಇವುಗಳ ಮೇಲೆ ಹೆಚ್ಚಿನ ಲಕ್ಷ್ಯ ಹರಿಯಿತು. ಈ ಮಾರ್ಗದ ರಾಯಚೂರಿನ ತುದಿಯ ಮೇಲೆ ಬೆಂಗಳೂರಿನ ನಿಯಂತ್ರಣ ಕೇಂದ್ರದ ಕಣ್ಣು, ಸೊಲ್ಲಾಪುರದ ತುದಿಯ ಮೇಲೆ ಮುಂಬಯಿಯ ಕಣ್ಣು, ಎರಡರ ಮೇಲೂ ದಿಲ್ಲಿಯ ಕಣ್ಣು.

ಜಾಲವೆಂದರೆ ನಮ್ಮಿಂದ ದೂರದ ಯಾವುದೋ ವ್ಯವಹಾರವೆಂದು ತಿಳಿಯಬೇಡಿರಿ. ೨೦೨೦ರ ಏಪ್ರಿಲ್ ೫ರ ರಾತ್ರಿ ಒಂಬತ್ತು ಗಂಟೆಗೆ, ಕೊರೋನಾ ಕಾಲದಲ್ಲಿ, ಪ್ರಧಾನಮಂತ್ರಿಗಳ ಕರೆಯಂತೆ ದೇಶದ ಜನ ಒಂಬತ್ತು ನಿಮಿಷ ವಿದ್ಯುದ್ದೀಪ ಆರಿಸಿ ಹಣತೆ ಹಚ್ಚಿದ್ದು ಪಾಲಕರಿಗೆ ನೆನಪಿರಬಹುದು. ಮನೆಯವರು ಆರಿಸಿದ್ದು ಒಂದೆರಡು ಬಲ್ಬು. ಒಟ್ಟಾಗಿ ಕೆಲವೇ ನಿಮಿಷಗಳಲ್ಲಿ ಬೇಡಿಕೆ ಸುಮಾರು ೩೧,೦೦೦ ಮೆಗಾವಾಟು ಕುಸಿಯಿತು, ಮತ್ತೆ ಹಾಗೆಯೇ ಏರಿತು. ತೇರು ಒಮ್ಮೆಲೆ ಇಳಿಜಾರಿಗೆ ಬಂದಂತೆ. ಉಗಿಯಂತ್ರಗಳನ್ನು ಅಷ್ಟು ಬೇಗ ತಗ್ಗಿಸಲು ಬಾರದು. ಆದ್ದರಿಂದ ಇಂಜಿನಿಯರುಗಳು ಜಲವಿದ್ಯುತ್ ಕೇಂದ್ರಗಳನ್ನು ಮೊದಲೇ ಜೋರಾಗಿ ಓಡಿಸಿಟ್ಟು, ಸರಿಯಾದ ಹೊತ್ತಿಗೆ ಅವುಗಳ ನೀರನ್ನು ತಗ್ಗಿಸಿ, ಮತ್ತೆ ಏರಿಸಿ, ಜಾಲವನ್ನು ಉಳಿಸಿಕೊಂಡರು. ನಮ್ಮ ಪಡಸಾಲೆಯ ಗುಂಡಿಗೂ ಎಲ್ಲಿಯೋ ಘಟ್ಟದ ಕೆಳಗಿನ ಜಲಯಂತ್ರಕ್ಕೂ ಇರುವ ನಂಟು ಆ ರಾತ್ರಿ ಕಂಡಷ್ಟು ಸ್ಪಷ್ಟವಾಗಿ ಮತ್ತೆಂದೂ ಕಂಡಿಲ್ಲ.

ಕೊನೆಗೆ ಪಾಲಕರ ಪ್ರಶ್ನೆಗೆ ಬರೋಣ. ಮೇಲಿಂದ ಇಷ್ಟು ದೊಡ್ಡ ತಂತಿ ಹೋಗುತ್ತಿರುವಾಗ ಕೆಳಗಿನ ವಸ್ತಿಯಲ್ಲಿ ದೀಪವೇಕಿಲ್ಲ? ಏಕೆಂದರೆ ಆ ತಂತಿಯಿಂದ ನಮ್ಮ ಮನೆಗೆ ಮೆಟ್ಟಿಲುಗಳು ಬಹಳ. ಮಹಾರಾಷ್ಟ್ರದಲ್ಲಿ ೭೬೫ರಿಂದ ೪೦೦, ೨೨೦, ೧೩೨, ೩೩, ೧೧ 

ಕಿಲೋವೋಲ್ಟು, ಆಮೇಲೆ ನಾವು ಡಿ.ಪಿ. ಎನ್ನುವ ಊರಿನ ಟ್ರಾನ್ಸ್‌ಫಾರ್ಮರು, ಆಮೇಲೆ ೨೩೦ ವೋಲ್ಟು. ಗಡಿ ದಾಟಿದರೆ ೧೩೨ರ ಬದಲು ೧೧೦ ಕಾಣುತ್ತದೆ. ಪದ್ಧತಿಯ ಭೇದ, ಅಷ್ಟೇ. ಮೇಲಿನ ಮೆಟ್ಟಿಲುಗಳಲ್ಲಿ ಒಂದು ದಾರಿ ಕಡಿದರೆ ಇನ್ನೊಂದಿರುತ್ತದೆ. ಕೆಳಗಿನ ೧೧ ಕಿಲೋವೋಲ್ಟಿನ ಮಾರ್ಗಕ್ಕೆ ಹಳ್ಳಿಗಳಲ್ಲಿ ಸಾಮಾನ್ಯವಾಗಿ ಒಂದೇ ದಾರಿ. ಬೇವಿನ ಟೊಂಗೆಯೊಂದು ಬಿದ್ದರೂ ಅದರ ತುದಿಯವರೆಗೆ ಕತ್ತಲು. ದೇಶದ ಜಾಲ ಗಟ್ಟಿಯಾದಷ್ಟು ಊರಿನ ಈ ಕೊನೆಯ ಮೆಟ್ಟಿಲು ಗಟ್ಟಿಯಾಗಿಲ್ಲವೆಂಬುದು ನಿಜವಾದ ಕೊರತೆ. ರಾತ್ರಿ ಪಾಳಿಯ ವಿದ್ಯುತ್ತಿಗಾಗಿ ಕಂದೀಲು ಹಿಡಿದು ಹಾವುಹುಳದ ನಡುವೆ ಕಬ್ಬಿಗೆ ನೀರು ಹಾಯಿಸುವ ತಂದೆಯ ಮಕ್ಕಳು ನಮ್ಮ ತರಗತಿಗಳಲ್ಲಿದ್ದಾರೆ. ಅವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಮುಂದೆ ದೀಪ ಹೋದಾಗ ಅದು ಯಾವ ಮೆಟ್ಟಿಲಿನಲ್ಲಿ ತಪ್ಪಿದೆಯೆಂದು ಮಕ್ಕಳು ತಾವೇ ಊಹಿಸಬಹುದು. ಪಕ್ಕದ ಮನೆಯಲ್ಲಿ ದೀಪವಿದ್ದರೆ ದೋಷ ನಮ್ಮ ಮನೆಯಲ್ಲಿಯೇ. ಓಣಿಯೆಲ್ಲ ಕತ್ತಲಾಗಿ ಮುಂದಿನ ಓಣಿ ಬೆಳಕಾಗಿದ್ದರೆ ಡಿ.ಪಿ.ಯ ಕಡೆ ನೋಡಬೇಕು. ಊರೂ ನೆರೆಯೂರೂ ಒಟ್ಟಿಗೆ ಹೋದರೆ ೧೧ ಕಿಲೋವೋಲ್ಟಿನ ಮಾರ್ಗ ಅಥವಾ ಅದರ ಉಪಕೇಂದ್ರ. ಡಿ.ಪಿ.ಯ ಫ್ಯೂಜು ಹೋಗಿದೆಯೆಂದು ಗೊತ್ತಾದರೂ ಬಡಿಗೆ ಹಿಡಿದು ತಾವೇ ಹಾಕಲು ಹೋಗುವ ಚಟ ನಮ್ಮ ಊರುಗಳಲ್ಲಿದೆ. ಪ್ರಾಣ ಹೋದದ್ದೂ ಉಂಟು. ಅದು ವಾಯರ್‌ಮನ್ನರ ಕೆಲಸ. ದೊಡ್ಡ ಮಾರ್ಗದ ಕೆಳಗೆ ಬೋರಿನ ಕಬ್ಬಿಣದ ಪೈಪನ್ನು ನೆಟ್ಟಗೆ ಎತ್ತುವುದಂತೂ ಕೂಡದು. ಅಷ್ಟು ವೋಲ್ಟೇಜಿಗೆ ಪೈಪು ತಂತಿಯನ್ನು ಮುಟ್ಟಲೇಬೇಕೆಂದಿಲ್ಲ, ಹತ್ತಿರ ಬಂದರೆ ಸಾಕು. ರಾತ್ರಿ ಮಾಳಿಗೆಯ ಮೇಲೆ ನಿಂತಾಗ ಸೊಲ್ಲಾಪುರದ ದಿಕ್ಕಿನ ಆಕಾಶದಲ್ಲಿ ಎಂದಿನ ಮಬ್ಬು ಬೆಳಕು ಕಾಣುತ್ತಿದ್ದರೆ ಜಾಲ ನೆಟ್ಟಗಿದೆ, ತಪ್ಪಿರುವುದು ನಮಗೂ ಅದಕ್ಕೂ ನಡುವಿನ ಯಾವುದೋ ಸಣ್ಣ ಮೆಟ್ಟಿಲು.